ಕೂಟಲೇಖ

2024ರಲ್ಲಿ ಮಹಾವೀರ ಜಯಂತಿ ಏಪ್ರಿಲ್ 21ರಂದು ಬಂದಿತು; ಮೈಸೂರಿನಲ್ಲಿ ಲೋಕಸಭೆಗೆ ಮತದಾನ ನಡೆದದ್ದು 26ರಂದು. ಬಸದಿಯಲ್ಲಿ ಅನೇಕಾಂತದ ಪ್ರವಚನ ಕೇಳಿದವರೂ ಚುನಾವಣೆಯ ಕಾವಿನಲ್ಲಿ ಎದುರು ಪಕ್ಷದವರನ್ನು ಹಳಿಯುವ ಸಂದೇಶಗಳನ್ನು ಮೊಬೈಲಿನಲ್ಲಿ ಹಂಚುವುದುಂಟು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲೊಂದು ಕೂಟಲೇಖಕ್ರಿಯೆ. ಒಬ್ಬರು ಆಡದ ಮಾತನ್ನು ಆಡಿದರೆಂದು ವಂಚನೆಗಾಗಿ ಬರೆಯುವುದೇ ಅದು. ‘ಬರೆದವನು ನಾನಲ್ಲ, ಕಳುಹಿಸಿದೆನಷ್ಟೆ’ ಎಂಬ ಸಮಾಧಾನ ಶ್ರಾವಕನಿಗೆ ಸಲ್ಲದು; ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಕರ್ಮಾಸ್ರವವುಂಟು.

ಅನೇಕಾಂತವೆಂದರೆ ಎಲ್ಲರೂ ಸರಿಯೆಂದು ಮತಗಟ್ಟೆಗೆ ಹೋಗದಿರುವುದೂ ಅಲ್ಲ. (ಹಾಗೆ ವಾದಿಸುವ ಜಾಣರೂ ಇದ್ದಾರೆ!) ವಿಚಾರಿಸಿ ಒಬ್ಬರನ್ನು ಆರಿಸಬೇಕು, ಬೇರೆಯವರನ್ನು ಆರಿಸಿದ ನೆರೆಮನೆಯವನೊಡನೆ ಮಾತು ಮುರಿಯಬಾರದು. ಅಭ್ಯರ್ಥಿಗಳ ಆಸ್ತಿ, ಮೊಕದ್ದಮೆಗಳ ಪ್ರಮಾಣಪತ್ರವನ್ನು ಚುನಾವಣಾ ಆಯೋಗವೇ ಪ್ರಕಟಿಸುತ್ತದೆ. ಅದನ್ನು ಓದಲು ಒಂದು ಸಾಮಾಯಿಕದಷ್ಟು ಹೊತ್ತು ಸಾಕು.