ಪ್ರೂಫ್ ತೋರಿಸದೆ ಅಚ್ಚು ಹಾಕುವ ಡಾಕ್ಟರು!

ಮೆಡಿಕಲ್ ಕಾಲೇಜು ಕನಕಪುರದ ಪಾಲಾಗುತ್ತದೆಂದು 2023ರ ಸೆಪ್ಟೆಂಬರಿನಲ್ಲಿ ರಾಮನಗರ ಬಂದ್ ಮಾಡಿದೆವು. ನಾನೂ ಪ್ರೆಸ್ಸಿನ ಬಾಗಿಲು ಎಳೆದು ಬೀದಿಗಿಳಿದಿದ್ದೆ. ಕಾಲೇಜು ಯಾವ ಊರಿಗೆ ಎಂದು ಗಂಟಲು ಹರಿದುಕೊಂಡೆವೇ ಹೊರತು, ಅಲ್ಲಿ ಓದುವ ಹುಡುಗರು ಮಾಗಡಿಯ ಅಜ್ಜಿಯೊಬ್ಬಳ ಮುಂದೆ ಕೂತು ಯಾವ ಭಾಷೆಯಲ್ಲಿ, ಯಾರ ಮುಖ ನೋಡಿ ಮಾತಾಡುತ್ತಾರೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳುವಂತಾದದ್ದು ನಮ್ಮವ್ವನಿಂದ. ಮಂಡಿನೋವೆಂದು ಅವಳನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದೆ. ನೋಡಿದವನು ಇನ್ನೂ ಕಲಿಯುತ್ತಿರುವ ಹುಡುಗ, ಹೊರರಾಜ್ಯದವನು. ಕಣ್ಣು ಕಂಪ್ಯೂಟರಿನ ಮೇಲೆ, ಬೆರಳು ಕೀಲಿಮಣೆಯ ಮೇಲೆ. "ಅಲರ್ಜಿ ಇದೆಯಾ?" ಎಂದ. ಅವ್ವನಿಗೆ ಆ ಪದವೇ ಗೊತ್ತಿಲ್ಲ. "ಇಲ್ಲ ಕಣಪ್ಪ" ಎಂದಳು. ಆಮೇಲೆ ತಾನಾಗಿಯೇ, "ಒಂದ್ಸಲ ನೋವಿನ ಮಾತ್ರೆ ನುಂಗಿ ಮೈಯೆಲ್ಲಾ ಗಂಧೆ ಎದ್ದಿತ್ತು" ಎಂದಳು. ಗಂಧೆ ಎಂದರೇನೆಂದು ಹುಡುಗ ಕೇಳಲಿಲ್ಲ. ಅಷ್ಟರಲ್ಲಿ ಅವನು ಮುಂದಿನ ಕಲಂಗೆ ಹೋಗಿದ್ದ. ನಾನು ಪಕ್ಕದಲ್ಲೇ ಫೋನಿನಲ್ಲಿ ಗಿರಾಕಿಯೊಬ್ಬರಿಗೆ ಸಮಾಧಾನ ಹೇಳುತ್ತಿದ್ದೆ. ನನ್ನದೂ ತಪ್ಪಿದೆ.

ಔಷಧಿ ಅಂಗಡಿಯಲ್ಲಿ, ಪ್ರೂಫ್ ತಿದ್ದುವ ಚಟಕ್ಕೆ, ಚೀಟಿ ಓದಿದೆ. ಅಲರ್ಜಿ: ಇಲ್ಲ. ಕೆಳಗೆ ಅದೇ ಹಳೇ ಮಾತ್ರೆಯ ಹೆಸರು!

ಹುಡುಗನನ್ನು ಬೈಯಲಾರೆ. ಅವನಿಗೆ ಕಲಿಸಿದ್ದೆಷ್ಟು? 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ರೋಗಿಯೊಡನೆ ನಡೆ-ನುಡಿ ಕಲಿಸುವ ‘ಏಟ್‌ಕಾಮ್’ ಎಂಬ ಪಾಠ ಬಂತು. ಒಳ್ಳೆಯದೇ. ಆದರೆ ಮೊದಲ ತಿಂಗಳ ತರಬೇತಿಯಲ್ಲಿ ಭಾಷೆಗೂ ಕಂಪ್ಯೂಟರಿಗೂ ಸೇರಿಸಿ ಇಟ್ಟದ್ದು 40 ಗಂಟೆ. ನನ್ನ ಆಫ್‌ಸೆಟ್ ಮೆಷಿನ್ ಕಲಿಯಲು ಹುಡುಗನಿಗೆ ಆರು ತಿಂಗಳು ಹಿಡಿಯಿತು ಸ್ವಾಮಿ! ಭಾಷೆ ಒಂದು ಕಡೆ, ಕಂಪ್ಯೂಟರ್ ಒಂದು ಕಡೆ ಕಲಿತರೆ ಸಾಲದು. ಟೈಪು ಮಾಡುತ್ತಲೇ ರೋಗಿಯ ಮಾತು ಕೇಳುವುದು ಬೇರೆಯದೇ ವಿದ್ಯೆ.

ಕಂಪ್ಯೂಟರಿಗೆ ನಾನು ವೈರಿಯಲ್ಲ. ನಮ್ಮಪ್ಪ ಮೊಳೆ ಜೋಡಿಸಿದರು, ನಾನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತೇನೆ. ಆದರೆ ಲಗ್ನಪತ್ರಿಕೆಯನ್ನು ಗಿರಾಕಿ ಓದಿ ಸಹಿ ಹಾಕದೆ ಮೆಷಿನ್ನಿಗೆ ಏರಿಸುವುದಿಲ್ಲ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ಮದುಮಗಳ ಹೆಸರಿನಲ್ಲಿ ಒಂದು ಕೊಂಬು ಬಿಟ್ಟರೂ ಸಾವಿರ ಪ್ರತಿಯಲ್ಲೂ ಅದೇ ತಪ್ಪು. ರೋಗಿಯ ದಾಖಲೆಯೂ ಹಾಗೆಯೇ. 2021ರಲ್ಲಿ ದೇಶಕ್ಕೆಲ್ಲ ತಂದ 14 ಅಂಕಿಯ ‘ಆಭಾ’ ಸಂಖ್ಯೆ, ನಾವು ಒಪ್ಪಿಗೆ ಕೊಟ್ಟರೆ, ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದಕ್ಕೆ ಒಯ್ಯುತ್ತದೆ. ತಪ್ಪಿದ್ದರೆ ತಪ್ಪನ್ನೂ ಒಯ್ಯುತ್ತದೆ.

ಇನ್ನು ನಮ್ಮ ಊರಿನ ಕಸುಬು ನೋಡಿ. ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವರಲ್ಲಿ ದಮ್ಮು ಹಿಡಿದವರಿದ್ದಾರೆ. ವೃತ್ತಿ ಎಂಬಲ್ಲಿ ‘ಕೂಲಿ’ ಎಂದು ಒತ್ತಿದರೆ ಕಾಯಿಲೆಯ ಬೇರೇ ಕಳೆದುಹೋಯಿತು. ಚನ್ನಪಟ್ಟಣದಲ್ಲಿ ಮರದ ಪುಡಿಯ ನಡುವೆ ಬೊಂಬೆ ಕಡೆಯುವವನ ಕೆಮ್ಮಿಗೂ ಇದೇ ಗತಿ. "ಏನು ಕೆಲಸ ಮಾಡ್ತೀಯಪ್ಪ?" ಎಂದು ಮುಖ ನೋಡಿ ಕೇಳುವವರು ಬೇಕು.

ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಸಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಸರಿಯೇ. ಆದರೆ ಕೇಳಿದ್ದೇ ತಪ್ಪಾದರೆ ಚೀಟಿ ಕನ್ನಡದಲ್ಲಿದ್ದರೂ ತಪ್ಪೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲೇ ಅಂಕ ಇಡಲಿ. ಹುಡುಗ ಮೊದಲು ಕೈ ಕಟ್ಟಿ ಮಾತು ಕೇಳಲಿ. ಆಮೇಲೆ ಪರದೆಯನ್ನು ರೋಗಿಯ ಕಡೆ ತಿರುಗಿಸಿ, "ಅವ್ವಾ, ನೀನು ಹೇಳಿದ್ದು ಹೀಗೆ ಬರ್ಕೊಂಡಿದ್ದೀನಿ, ಸರೀನಾ?" ಎಂದು ಕನ್ನಡದಲ್ಲಿ ಓದಿ ಹೇಳಲಿ. ಬಾರದವನಿಗೆ ಪಾಸು ಬೇಡ.

ಅಲ್ಲಿಯತನಕ ಅವ್ವನ ಎಲೆಅಡಿಕೆ ಚೀಲದಲ್ಲಿ ಒಂದು ಕಾರ್ಡಿದೆ. ನಾನೇ ಅಚ್ಚು ಹಾಕಿದ್ದು. ಮೇಲೆ ಮಾತ್ರೆಯ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ‘ಇದು ಇವರಿಗೆ ಆಗುವುದಿಲ್ಲ’. ಪ್ರೂಫನ್ನು ಅವಳಿಗೆ ಎರಡು ಸಲ ಓದಿ ಹೇಳಿದ್ದೇನೆ.