ಹದವಾಗಿ ಹುರಿಯುವುದು ಅಂದರೆ ಎಷ್ಟು?

ಮಕ್ಕಳೇ,

ನಿಮ್ಮ ಅಜ್ಜಿ ಇದ್ದಾಗ ಹುಳಿಪುಡಿ, ಸಾರಿನಪುಡಿ, ಉಪ್ಪಿನಕಾಯಿ ಮಾಡುವ ಬಗೆಯನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದಳು, ನಾನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಹಾಗೆ ನಲವತ್ತು ಪುಟವಾಗಿತ್ತು. ಮೊನ್ನೆ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ! ಸಾಲುಗಟ್ಟಲೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ, ಚಿಹ್ನೆ.

ಕಾರಣ ಇಷ್ಟೆ. ಆಗೆಲ್ಲ ಒಂದೊಂದು ತಂತ್ರಾಂಶ ಕನ್ನಡ ಅಕ್ಷರಗಳಿಗೆ ತನ್ನದೇ ಸಂಖ್ಯೆ ಕೊಡುತ್ತಿತ್ತು. ಎಲ್ಲರಿಗೂ ಒಂದೇ ಲೆಕ್ಕವಾದ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ನಾನು ಅದಕ್ಕೆ ಬಂದದ್ದು ತಡವಾಗಿ.

ಹಳೆಯದನ್ನು ಹೊಸದಕ್ಕೆ ಬದಲಿಸುವ ಪುಟ್ಟ ತಂತ್ರಾಂಶವೊಂದು ನನ್ನ ಪೆನ್‌ಡ್ರೈವಿನಲ್ಲಿತ್ತು. ಆದರೆ ಅದು ಮೂಲ ರೂಪದಲ್ಲಿತ್ತು. ಅಂದರೆ ಅಕ್ಕಿ, ಬೇಳೆ ಇದೆ, ಅಡುಗೆ ಆಗಿಲ್ಲ. ಎರಡು ವರ್ಷದ ಹಿಂದೆ ಅಣ್ಣನ ಮಗ ಫೋನಿನಲ್ಲಿ ಹೇಳಿಕೊಟ್ಟಂತೆ ಅಡುಗೆ ಮಾಡಿದ್ದೆ. ಬರೆದಿಡಲಿಲ್ಲ. ಆ ಕಂಪ್ಯೂಟರ್ ಕೆಟ್ಟಿತು, ವಿಧಾನವೂ ಹೋಯಿತು.

ಇಂಥ ತಂತ್ರಾಂಶ ಬಿಡಿಬಿಡಿ ತುಂಡುಗಳಲ್ಲಿರುತ್ತದೆ. ಒಂದು ತುಂಡು ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ಬೇಳೆ ಬೇಯದೆ ಹುಳಿ ಕುದಿಸಲಾದೀತೆ? ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಿಕೊಳ್ಳಲು ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ‘ಮೇಕ್’ ಎಂಬ ಸಾಧನ ಮಾಡಿದರು. ಲಿನಕ್ಸ್ ಕಂಪ್ಯೂಟರಿಗೆ ಪರದೆಯ ಮೇಲೆ ಕಿಟಕಿ ತೋರಿಸುವ ಎಕ್ಸ್.ಆರ್ಗ್ ಕೂಡ ಮೊದಲು ಕೂಡುಕುಟುಂಬದಂತೆ ಒಂದೇ ಗಂಟಾಗಿತ್ತು. 2005ರ ಡಿಸೆಂಬರಿನಲ್ಲಿ ಅದನ್ನು ನೂರಾರು ತುಂಡು ಮಾಡಿದರು. ಒಂದನ್ನು ಮಾತ್ರ ರಿಪೇರಿ ಮಾಡುವುದು ಸುಲಭವಾಯಿತು; ಕಟ್ಟುವ ಕ್ರಮವನ್ನು ಬರೆದಿಡುವುದು ಮಾತ್ರ ಮೊದಲಿಗಿಂತ ಮುಖ್ಯವಾಯಿತು.

ನಾಲ್ಕು ದಿನ ಒದ್ದಾಡಿ ನನ್ನ ತಂತ್ರಾಂಶ ಕಟ್ಟಿದೆ. ಈ ಸಲ ನೋಟ್‌ಬುಕ್ಕಿನಲ್ಲಿ ಆರು ಸಾಲು ಬರೆದೆ. ರಜೆಗೆ ಬಂದ ಏಳನೇ ಕ್ಲಾಸಿನ ಮೊಮ್ಮಗಳಿಗೆ ಕೊಟ್ಟು, ಅವಳಪ್ಪನ ಲ್ಯಾಪ್‌ಟಾಪಿನಲ್ಲಿ ಮಾಡು ಎಂದೆ. ಮೂರನೇ ಸಾಲಿಗೇ ನಿಂತಳು.

“ಆ ಫೋಲ್ಡರಿನ ಒಳಕ್ಕೆ ಹೋಗಬೇಕಲ್ಲಮ್ಮ!” ಎಂದೆ.

“ನೀವು ಬರೆದೇ ಇಲ್ಲವಲ್ಲ ತಾತ!”

ನಿಜ. ನನಗೆ ಗೊತ್ತಿದ್ದದ್ದು ಅವಳಿಗೂ ಗೊತ್ತು ಅಂದುಕೊಂಡಿದ್ದೆ. ಯಾವ ಆವೃತ್ತಿ ಬೇಕು, ಮೊದಲೇ ಏನೇನು ಇರಬೇಕು, ಸರಿಯಾದರೆ ಪರದೆಯಲ್ಲಿ ಏನು ಕಾಣುತ್ತದೆ, ಎಲ್ಲ ಸೇರಿ ಆರು ಸಾಲು ಹದಿನಾಲ್ಕಾಯಿತು. ಆಮೇಲೆ ಅವಳು ನನ್ನನ್ನು ಒಂದು ಮಾತೂ ಕೇಳದೆ ಮುಗಿಸಿದಳು.

ನಲವತ್ತು ಪುಟವೂ ಕನ್ನಡವಾಯಿತು. ಮೊದಲ ಪುಟ ಹುಳಿಪುಡಿ. ಮೊಮ್ಮಗಳು ಗಟ್ಟಿಯಾಗಿ ಓದಿದಳು: “ಕಡಲೆಬೇಳೆ, ಧನಿಯ ಹದವಾಗಿ ಹುರಿಯುವುದು.” ತಲೆಯೆತ್ತಿ ಕೇಳಿದಳು, “ಹದವಾಗಿ ಅಂದರೆ ಎಷ್ಟು ಹೊತ್ತು ತಾತ?”

ನನಗೆ ಗೊತ್ತಿರಲಿಲ್ಲ. ಹೇಳುವವಳು ಇಲ್ಲ.

ಈ ವಾರದ ಕೆಲಸ ಇದು, ಮಕ್ಕಳೇ. ಮನೆಯ ಹಿರಿಯರಿಂದ ಒಂದು ಕೆಲಸ ಕೇಳಿ ಬರೆದುಕೊಳ್ಳಿ. ಎಷ್ಟು, ಯಾವ ಬಣ್ಣ, ಎಷ್ಟು ಹೊತ್ತು ಎಂದು ಬಿಡದೆ ಕೇಳಿ. ಆಮೇಲೆ ಅದು ಗೊತ್ತಿಲ್ಲದವರ ಕೈಗೆ ಕೊಟ್ಟು, ನೀವು ಬಾಯಿ ಮುಚ್ಚಿ ಪಕ್ಕದಲ್ಲಿ ಕೂತು ನೋಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಒಂದು ಸಾಲು ಸೇರಿಸಿ.

ಅಜ್ಜಿಯರೇ, ಮಕ್ಕಳು ಕೇಳಿದಾಗ ‘ಹದವಾಗಿ’ ಅಂದು ಸುಮ್ಮನಾಗಬೇಡಿ.

ನಿಮ್ಮ ತಾತ,
ಚನ್ನರಾಯಪಟ್ಟಣ