ಬಣ್ಣ ಬಳಿದದ್ದಲ್ಲ ಸ್ವಾಮಿ, ಬೆಳಕು ಕೂಡಿಸಿದ್ದು!

ಗೆಳೆಯರೇ, ನಮ್ಮ ಹುಡುಗನೊಬ್ಬ ಚಳಿಯಲ್ಲಿ ತಾರಸಿ ಮೇಲೆ ನಡುಗುತ್ತಾ ಮಹಾವ್ಯಾಧದ ನೀಹಾರಿಕೆಯ ಫೋಟೋ ತೆಗೆದು ತೋರಿಸಿದ ಅನ್ನಿ. ತಕ್ಷಣ ಒಬ್ಬ ಮಹಾಶಯ ಮೂಗು ಮುರಿಯುತ್ತಾನೆ: 'ಕಂಪ್ಯೂಟರಿನಲ್ಲಿ ಬಳಿದ ಬಣ್ಣ ಬಿಡಯ್ಯ, ದುರ್ಬೀನಿನಲ್ಲಿ ನೋಡಿದರೆ ಬರೀ ಬೂದು ಮೋಡ.' ಹುಡುಗ ಕ್ಯಾಮೆರಾ ಮೂಲೆಗಿಡುತ್ತಾನೆ. ಈ ಅರೆಬೆಂದ ಪಾಂಡಿತ್ಯಕ್ಕೆ ಉತ್ತರ ಕೊಡಲೇಬೇಕು.

ಸ್ವಾಮಿ, ಬೂದು ಕಾಣುವುದು ನಿಮ್ಮ ಕಣ್ಣಿನ ಬಡತನ. ಕತ್ತಲಲ್ಲಿ ದುಡಿಯುವ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಅಲ್ಲಿ ಜಲಜನಕ 656.3 ನ್ಯಾನೋಮೀಟರಿನ ಕೆಂಪು ಬೆಳಕು ಸೂಸುತ್ತಲೇ ಇದೆ. ಅಂಗಡಿಯಿಂದ ತಂದ ಕ್ಯಾಮೆರಾದ ಒಳಗಿನ ಫಿಲ್ಟರ್ ಅದರ ಬಹುಪಾಲನ್ನು ತಡೆಯುತ್ತದೆ. ಕೆಂಪು ಸೇರಿಸುವುದಿರಲಿ, ಕ್ಯಾಮೆರಾ ಅದನ್ನು ಕದಿಯುತ್ತದೆ!

ಹುಡುಗ ಮಾಡಿದ್ದೇನು? ಹಳೇ ಡಿಎಸ್ಎಲ್ಆರ್, 50 ಎಂಎಂ ಲೆನ್ಸು, ಒಂದು ಟ್ರೈಪಾಡು. ಭೂಮಿ ತಿರುಗುತ್ತದಲ್ಲ, ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರ ಗೆರೆಯಾಗುತ್ತದೆ. ಅದಕ್ಕೇ ಐದೈದು ಸೆಕೆಂಡಿನ 400 ಚಿತ್ರ. ಅರ್ಧ ಗಂಟೆ ಮೀರಿದ ಬೆಳಕು! ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಪುಕ್ಕಟೆ ತಂತ್ರಾಂಶಗಳು ನಕ್ಷತ್ರದ ಮೇಲೆ ನಕ್ಷತ್ರ ಕೂರಿಸಿ ಸರಾಸರಿ ತೆಗೆಯುತ್ತವೆ. ನೀಹಾರಿಕೆ ಪ್ರತಿ ಚಿತ್ರದಲ್ಲೂ ತನ್ನ ಜಾಗದಲ್ಲೇ ಇರುತ್ತದೆ, ಗದ್ದಲದ ಚುಕ್ಕಿಗಳು ಮಾತ್ರ ಅಲ್ಲೊಂದು ಇಲ್ಲೊಂದು. 400 ಕೂಡಿದರೆ ಆ ಗದ್ದಲ 20ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮುಚ್ಚಳ ಹಾಕಿ ತೆಗೆದ ಕಪ್ಪು ಚಿತ್ರಗಳನ್ನು ಕಳೆದರೆ ಕ್ಯಾಮೆರಾದ ಸ್ವಂತ ಕಲೆಗಳೂ ಹೋಗುತ್ತವೆ. ಇದು ಬಣ್ಣ ಬಳಿಯುವುದೋ, ಲೆಕ್ಕ ಹಾಕುವುದೋ?

ಇದೇ ನೀಹಾರಿಕೆಯನ್ನು 1880ರಲ್ಲಿ ಹೆನ್ರಿ ಡ್ರೇಪರ್ 51 ನಿಮಿಷ ತೆರೆದಿಟ್ಟು ಮೊದಲ ಬಾರಿ ಫೋಟೋ ತೆಗೆದ. 1883ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ತೆಗೆದ ಚಿತ್ರದಲ್ಲಿ ದುರ್ಬೀನಿಗೆ ಕಣ್ಣಿಟ್ಟವರಿಗೆ ಕಾಣದ ನಕ್ಷತ್ರಗಳು ಮೂಡಿದವು. ಕಾಮನ್ ವೃತ್ತಿಯಲ್ಲಿ ಒಳಚರಂಡಿ ಕೆಲಸದ ಎಂಜಿನಿಯರ್, ಆಕಾಶ ಬರೀ ಹವ್ಯಾಸ. ಕಣ್ಣಿಗೆ ಕಾಣದ್ದು ಸುಳ್ಳೆಂದು ಅವನನ್ನು ಓಡಿಸಲಿಲ್ಲ, ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ 1884ರಲ್ಲಿ ಚಿನ್ನದ ಪದಕ ಕೊಟ್ಟಿತು.

1995ರ ಹಬಲ್ ಚಿತ್ರದಲ್ಲಿ ಜಲಜನಕಕ್ಕೆ ಹಸಿರು ಕೊಟ್ಟಿದ್ದರು ನಿಜ. ಆದರೆ ಯಾವ ಅನಿಲಕ್ಕೆ ಯಾವ ಬಣ್ಣ ಎಂದು ಹೇಳಿಯೇ ಕೊಟ್ಟಿದ್ದರು. ಸುಳ್ಳು ಹುಡುಕುವ ಚಪಲವಿದ್ದರೆ ಬೇರೆ ಕಡೆ ಹೋಗಿ. ಮಸುಕು ಚಂದ್ರನಿಗೆ ಫೋನು ತಾನೇ ಕುಳಿಗಳನ್ನು ತುಂಬುತ್ತದೆಂದು 2023ರಲ್ಲಿ ಗಲಾಟೆಯಾಯಿತಲ್ಲ, ಅಲ್ಲಿ ಕೇಳಿ. ಇಲ್ಲದ ವಿವರ ಹುಟ್ಟಿಸುವುದು ಬೇರೆ, ಬಂದ ಬೆಳಕನ್ನು ಹಿಗ್ಗಿಸಿ ತೋರಿಸುವುದು ಬೇರೆ.

ಹುಡುಗರೇ, ಜನವರಿಯಲ್ಲಿ ಅಮಾವಾಸ್ಯೆ ನೋಡಿಕೊಂಡು ತಾರಸಿ ಹತ್ತಿ. ಬೀದಿ ದೀಪದ ನಡುವೆಯೂ ಮಹಾವ್ಯಾಧ ಸಿಗುತ್ತಾನೆ. ಕಚ್ಚಾ ಚಿತ್ರಗಳನ್ನು ಮಾತ್ರ ಅಳಿಸಬೇಡಿ. ಮೂಗು ಮುರಿಯುವವರು ಬಂದರೆ ಆ 400ನ್ನೂ ಮುಂದೆ ಸುರಿದು, 'ತಗೊಳ್ಳಿ, ನೀವೇ ಕೂಡಿಸಿ' ಅನ್ನಿ.